ಕತ್ತೆಕಿರುಬ ಯಾಕೆ ನಗುತ್ತೆ?

ಓದುಗರ ಪ್ರಶ್ನೆ: ಮೊಬೈಲ್‌ನಲ್ಲಿ ಕತ್ತೆಕಿರುಬ ನಗೋ ವಿಡಿಯೋ ನೋಡಿದೆ. ಮೈ ಜುಮ್ ಅಂತು. ಅದು ನಿಜವಾಗ್ಲೂ ನಗುತ್ತಾ? ನಮ್ಮೂರು ಪಾಂಡವಪುರದ ಹತ್ತಿರ. ಹಿಂದೆ ಕುಂತಿಬೆಟ್ಟದ ಕಡೆ ಕತ್ತೆಕಿರುಬ ಇತ್ತು, ರಾತ್ರಿ ಹೊತ್ತು ಅದು ನಗೋದು ಕೇಳಿದ್ದೀನಿ ಅಂತ ನಮ್ಮ ತಾತ ಹೇಳ್ತಾರೆ. ಎರಡೂ ಒಂದೇನಾ?

ಉತ್ತರ: ನೀವು ವಿಡಿಯೋದಲ್ಲಿ ಕೇಳಿದ್ದು ಖುಷಿಯ ಸದ್ದಲ್ಲ. ಆ ಸದ್ದು ಮಾಡುತ್ತಿದ್ದ ಪ್ರಾಣಿ ಬಹುಶಃ ಕಚ್ಚಿಸಿಕೊಳ್ಳುತ್ತಿತ್ತು, ಇಲ್ಲಾ ಇನ್ನೇನು ಕಚ್ಚುತ್ತಾರೆ ಎಂಬ ಭಯದಲ್ಲಿತ್ತು. ಬಾಯಿಗೆ ಬಂದ ಮಾಂಸ ಬಿಟ್ಟುಕೊಡಲೂ ಆಗದೆ, ಹಿಡಿದುಕೊಳ್ಳಲೂ ಆಗದೆ ಒದ್ದಾಡುವಾಗ ಬರುವ ಸದ್ದು ಅದು.

ನಿಮ್ಮ ಪತ್ರ ಬಂದ ದಿನ ಮೈಸೂರಿನ ನಮ್ಮ ಮನೆಯಲ್ಲಿ ತಂಗಿಯ ಮಗಳಿದ್ದಳು. ಆರು ವರ್ಷದವಳು. ಚಿತ್ರ ತೋರಿಸದೆ ಅವಳಿಗೆ ಬರೀ ಸದ್ದು ಕೇಳಿಸಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, "ಯಾರಿಗೋ ಹೊಡೀತಿದ್ದಾರಾ ದೊಡ್ಡಮ್ಮ?" ಅಂದಳು. ನಗು ಅಂತ ಮೊದಲೇ ಹೇಳಿಸಿಕೊಂಡವರಿಗೆ ನಗುವೇ ಕೇಳುತ್ತದೆ. ಅವಳಿಗೆ ಯಾರೂ ಹೇಳಿರಲಿಲ್ಲ.

ಆ ವಿಡಿಯೋದಲ್ಲಿದ್ದದ್ದು ಚುಕ್ಕೆ ಕತ್ತೆಕಿರುಬ. ಅದು ಇರುವುದು ಆಫ್ರಿಕಾದಲ್ಲಿ, ಸಹಾರಾ ಮರುಭೂಮಿಯಿಂದ ಕೆಳಗೆ. ನೋಡಲು ನಾಯಿಯ ಹಾಗಿದ್ದರೂ ಅದು ನಾಯಿಯ ಕಡೆಯದ್ದಲ್ಲ. ಬೆಕ್ಕು, ಮುಂಗುಸಿ, ಪುನುಗುಬೆಕ್ಕುಗಳ ಕಡೆಯ ನೆಂಟ. ಗುಂಪಾಗಿ ಬಾಳುತ್ತದೆ. ಒಂದೊಂದು ಗುಂಪಿನಲ್ಲಿ 80ಕ್ಕೂ ಹೆಚ್ಚು ಪ್ರಾಣಿಗಳು ಇರುವುದುಂಟು. ಆ ನಗು ಎಲ್ಲಿಂದ ಬಂತು ಅಂತ ತಿಳಿಯಲು ಈ ಗುಂಪಿನ ಊಟ ಹೇಗೆ ನಡೆಯುತ್ತದೆ ಅಂತ ನೋಡಬೇಕು.

ನಮ್ಮ ಮಂಡ್ಯದ ಬೀಗರೂಟ ನೆನಪಿಸಿಕೊಳ್ಳಿ. ಎಷ್ಟೇ ಜನ ಬಂದಿದ್ದರೂ ಎಲ್ಲರಿಗೂ ಒಂದು ಪಂಕ್ತಿ ಸಿಗುತ್ತದೆ. ಈ ಪಂಕ್ತಿಯಲ್ಲಿ ಸಿಗದಿದ್ದರೆ ಮುಂದಿನ ಪಂಕ್ತಿ. ಕತ್ತೆಕಿರುಬಗಳಲ್ಲಿ ಎರಡನೇ ಪಂಕ್ತಿ ಅನ್ನುವುದೇ ಇಲ್ಲ. ಒಂದು ಜೀಬ್ರಾ ಬಿತ್ತು ಅಂದರೆ ದೊಡ್ಡ ಗುಂಪು ಅರ್ಧ ಗಂಟೆಯೊಳಗೆ ಅದನ್ನು ಮುಗಿಸುತ್ತದೆ. ಚರ್ಮ, ಮೂಳೆ ಯಾವುದನ್ನೂ ಬಿಡುವುದಿಲ್ಲ. ಮೂಳೆಯನ್ನೂ ಅರಗಿಸಿಕೊಳ್ಳುವುದರಿಂದಲೇ ಅದರ ಹಿಕ್ಕೆ ಒಣಗಿದ ಮೇಲೆ ಸುಣ್ಣದ ಹಾಗೆ ಬೆಳ್ಳಗೆ ಕಾಣುತ್ತದೆ. ಇಷ್ಟು ಬೇಗ ಮುಗಿಯುವ ಊಟದಲ್ಲಿ ಮೊದಲು ಬಾಯಿ ಹಾಕುವವರು ಯಾರು ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಅಲ್ಲಿ ಒಬ್ಬೊಬ್ಬರಿಗೂ ಒಂದು ಸ್ಥಾನವಿದೆ. ಕೆಳಗಿನ ಸ್ಥಾನದವಳು ಒಂದು ತುಂಡು ಕಿತ್ತುಕೊಂಡಳು ಅಂದುಕೊಳ್ಳಿ. ಮೇಲಿನವಳು ಹತ್ತಿರ ಬಂದು ಹಲ್ಲು ತೋರಿಸುತ್ತಾಳೆ. ಆಗ ಕೆಳಗಿನವಳ ಗಂಟಲಿಂದ ಆ ಕಿಲಕಿಲ ಹೊರಡುತ್ತದೆ. ಕೆಲವು ಸಲ ಬೇಟೆ ಕೆಡವುವ ಗಲಾಟೆಯಲ್ಲಿ, ಸಿಂಹ ಎದುರಾದ ಉದ್ವೇಗದಲ್ಲಿ ಕೂಡ ಬರುತ್ತದೆ.

ಇದನ್ನು ವಿಜ್ಞಾನಿಗಳು ಅಳೆದೇ ನೋಡಿದ್ದಾರೆ. 1980ರ ದಶಕದಲ್ಲಿ ಕೀನ್ಯಾದಿಂದ ಮರಿಗಳನ್ನು ತಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸಾಕಿದ್ದರು. ಅಲ್ಲಿ ಬೆಳೆದ ಕತ್ತೆಕಿರುಬಗಳ ಕಿಲಕಿಲವನ್ನು ರೆಕಾರ್ಡ್ ಮಾಡಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಸದ್ದು ಎಷ್ಟು ಕೀಚಲು ಅನ್ನುವುದರಲ್ಲಿ ವಯಸ್ಸು ಗೊತ್ತಾಗುತ್ತದಂತೆ. ಸದ್ದು ಎಷ್ಟು ಏರಿಳಿಯುತ್ತದೆ ಅನ್ನುವುದರಲ್ಲಿ ಸ್ಥಾನ ಗೊತ್ತಾಗುತ್ತದಂತೆ. ಕೆಳಗಿನ ಸ್ಥಾನದವರ ಸದ್ದು ಜಾಸ್ತಿ ಏರಿಳಿಯುತ್ತದೆ, ಮೇಲಿನವರದ್ದು ಹೆಚ್ಚು ಒಂದೇ ಸಮ ಇರುತ್ತದೆ. ಕತ್ತಲಲ್ಲಿ ಮುಖ ಕಾಣದಿದ್ದರೂ ನಗುತ್ತಿರುವವರು ಎಂಥವರು ಅಂತ ಸದ್ದಿನಿಂದಲೇ ಊಹಿಸಬಹುದು.

ಈ ಸ್ಥಾನ ಬರುವುದು ತಾಯಿಯಿಂದ. ನನಗೆ ಈ ಪ್ರಾಣಿಯ ಮೇಲೆ ಪ್ರೀತಿ ಹುಟ್ಟಿದ್ದೇ ಈ ಸಂಗತಿ ಓದಿದ ಮೇಲೆ. ಗುಂಪಿನ ಯಜಮಾನಿಕೆ ಹೆಣ್ಣುಗಳದ್ದು. ತಾಯಿ ಎಲ್ಲಿದ್ದಾಳೋ ಅವಳ ಕೆಳಗಿನ ಮೆಟ್ಟಿಲು ಮರಿಗೆ. ಅದರಲ್ಲೂ ಕೊನೆಯ ಮಗಳಿಗೆ ಅಕ್ಕಂದಿರಿಗಿಂತ ಮೇಲಿನ ಸ್ಥಾನ, ಯಾಕೆಂದರೆ ಜಗಳದಲ್ಲಿ ತಾಯಿ ಚಿಕ್ಕದರ ಪರ ನಿಲ್ಲುತ್ತಾಳೆ. ನಮ್ಮಲ್ಲಿ ಹಿರಿಯರಿಗೆ ಮೊದಲು ಎಲೆ ಹಾಕುತ್ತೇವೆ. ಅಲ್ಲಿ ಉಲ್ಟಾ. ಗಂಡುಗಳು ದೊಡ್ಡವಾದ ಮೇಲೆ ಸಾಮಾನ್ಯವಾಗಿ ಹುಟ್ಟಿದ ಗುಂಪು ಬಿಟ್ಟು ಹೋಗುತ್ತವೆ. ಹೊಸ ಗುಂಪು ಸೇರಿದಾಗ ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲಬೇಕು. ಮೊದಲು ಬಂದ ಗಂಡಿಗೆ ಮೊದಲ ಜಾಗ.

ಹೆಣ್ಣು ದಪ್ಪಗಿರುವುದರಿಂದ ಮೇಲುಗೈ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಣ್ಣು ಗಂಡಿಗಿಂತ ಸ್ವಲ್ಪ ದೊಡ್ಡದು ನಿಜ, ಆದರೆ ಆ ವ್ಯತ್ಯಾಸ ತೀರಾ ಕಡಿಮೆ. ಟಾಂಜಾನಿಯಾದ ಗುಂಪುಗಳನ್ನು ವರ್ಷಗಟ್ಟಲೆ ನೋಡಿದ ಸಂಶೋಧಕರಿಗೆ ಬೇರೆಯೇ ಉತ್ತರ ಸಿಕ್ಕಿತು. ಇಬ್ಬರು ಎದುರಾದಾಗ ಸಾಮಾನ್ಯವಾಗಿ ಗೆಲ್ಲುವುದು ಯಾರ ಕೂಗಿಗೆ ಜಾಸ್ತಿ ಜನ ಓಡಿ ಬರುತ್ತಾರೋ ಅವರು. ಹೆಣ್ಣು ಹುಟ್ಟಿದ ಊರಲ್ಲೇ ಇರುತ್ತಾಳೆ. ತಾಯಿ, ಅಕ್ಕ, ಚಿಕ್ಕಮ್ಮ ಎಲ್ಲ ಅಲ್ಲೇ. ಹೊರಗಿಂದ ಬಂದ ಗಂಡಿಗೆ ಯಾರಿದ್ದಾರೆ?

ಕೆಳಗಿನ ಸ್ಥಾನದ ತಾಯಿಯ ಪಾಡು ಕಷ್ಟ. ಟಾಂಜಾನಿಯಾದ ಸೆರೆಂಗೆಟಿ ಬಯಲಿನಲ್ಲಿ ಅವುಗಳ ಬೇಟೆಯಾದ ವೈಲ್ಡ್‌ಬೀಸ್ಟ್ ಎಂಬ ಹುಲ್ಲು ತಿನ್ನುವ ದೊಡ್ಡ ಪ್ರಾಣಿಯ ಹಿಂಡುಗಳು ಮೇವು ಹುಡುಕಿ ದೂರ ಹೋಗಿಬಿಡುತ್ತವೆ. ಗುಂಪಿನ ಜಾಗದ ಹತ್ತಿರ ಸಿಗುವ ಅಷ್ಟಿಷ್ಟು ಬೇಟೆ ಮೇಲಿನವರ ಪಾಲು. ಕೆಳಗಿನವಳು ಹಾಲು ಕುಡಿಯುವ ಮರಿಗಳನ್ನು ಬಿಲದಲ್ಲಿ ಬಿಟ್ಟು ಹತ್ತಾರು ಕಿಲೋಮೀಟರ್ ನಡೆದು ಹೋಗಿ ತಿಂದು ಬರಬೇಕು. ಮರಿಗಳು ಕೆಲವು ದಿನ ಹಸಿದುಕೊಂಡೇ ಕಾಯುತ್ತವೆ. ಒಬ್ಬಳ ಮರಿಗೆ ಇನ್ನೊಬ್ಬಳು ಹಾಲು ಕೊಡುವುದು ತೀರಾ ಅಪರೂಪ. ಮರಿಗಳು ಒಂದು ವರ್ಷಕ್ಕೂ ಜಾಸ್ತಿ ಹಾಲು ಕುಡಿಯುತ್ತವೆ. ಹೆರಿಗೆಯೂ ಸುಲಭವಲ್ಲ. ಹೆಣ್ಣಿನ ಹೊರಗಿನ ಅಂಗ ಗಂಡಿನದರ ಹಾಗೆಯೇ ಉದ್ದಕ್ಕೆ ಬೆಳೆದಿರುತ್ತದೆ, ಮರಿ ಅದರ ಮೂಲಕವೇ ಹೊರಬರಬೇಕು. ಚೊಚ್ಚಲ ಮರಿಗಳು ಉಸಿರುಕಟ್ಟಿ ಸಾಯುವುದು ಜಾಸ್ತಿ. ಇದನ್ನು ನೋಡಿಯೇ ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿರುತ್ತವೆ ಅನ್ನುವ ಸುಳ್ಳು ನಂಬಿಕೆ ಹಬ್ಬಿತು.

ಇನ್ನೊಂದು ಸುಳ್ಳೂ ಇದೆ. ಸಿಂಹ ಕೊಂದದ್ದನ್ನು ಕದ್ದು ತಿನ್ನುವ ಹೇಡಿ ಅಂತ. 1960ರ ದಶಕದಲ್ಲಿ ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ ಟಾಂಜಾನಿಯಾದ ಸೆರೆಂಗೆಟಿ ಮತ್ತು ಎನ್‌ಗೊರೊಂಗೊರೊದಲ್ಲಿ ರಾತ್ರಿಯೆಲ್ಲ ಅವುಗಳ ಹಿಂದೆ ಹೋಗಿ ನೋಡಿದರು. ಹಗಲಲ್ಲಿ ನೋಡುವವರಿಗೆ ಸಿಂಹ ತಿನ್ನುತ್ತಿರುವುದು, ಸುತ್ತ ಕತ್ತೆಕಿರುಬಗಳು ಕಾಯುತ್ತಿರುವುದು ಕಾಣುತ್ತದೆ. ರಾತ್ರಿ ನಡೆದದ್ದು ಬೇರೆ. ಎಷ್ಟೋ ಸಲ ಬೇಟೆ ಕೆಡವಿದ್ದು ಕತ್ತೆಕಿರುಬಗಳು, ಆಮೇಲೆ ಬಂದು ಕಿತ್ತುಕೊಂಡದ್ದು ಸಿಂಹ. ಚುಕ್ಕೆ ಕತ್ತೆಕಿರುಬ ತಿನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚು ತಾನೇ ಬೇಟೆಯಾಡಿದ್ದು. ಗಂಟೆಗೆ 60 ಕಿಲೋಮೀಟರ್ ತನಕ ಓಡುತ್ತದೆ, ಬೇಟೆ ಸುಸ್ತಾಗುವ ತನಕ ಬಿಡುವುದಿಲ್ಲ. ಇಷ್ಟು ಕಷ್ಟಪಟ್ಟು ದುಡಿದು ತಿನ್ನುವ ಪ್ರಾಣಿಗೆ ಕಳ್ಳ ಅಂತ ಹೆಸರಿಟ್ಟದ್ದು ಅನ್ಯಾಯ.

ನಗುವಿಗಿಂತ ಚೆನ್ನಾದ ಸದ್ದು ಅದಕ್ಕೆ ಇನ್ನೊಂದಿದೆ. ತಲೆ ತಗ್ಗಿಸಿ ನೆಲಕ್ಕೆ ಹತ್ತಿರ ಬಾಯಿ ತಂದು "ಊ...ಊಪ್" ಅಂತ ಕೂಗುತ್ತದೆ. ಸಣ್ಣಗೆ ಶುರುವಾಗಿ ಮೇಲೆ ಏರುತ್ತದೆ. ಗದ್ದೆಯ ಆ ಬದುವಿನಿಂದ ಈ ಬದುವಿಗೆ ನಮ್ಮವರು "ಕೂ" ಹಾಕುತ್ತಾರಲ್ಲ, ಅದೇ ಕೆಲಸ. ಇದು ಐದು ಕಿಲೋಮೀಟರ್ ತನಕ ಕೇಳಿಸುತ್ತದೆ, ಅಂದರೆ ನಮ್ಮ ಕಡೆ ಎರಡು ಮೂರು ಊರು ದಾಟಿದಷ್ಟು. ಒಬ್ಬೊಬ್ಬರ ಕೂಗೂ ಬೇರೆ. ಮರಿಯ ಕೂಗನ್ನು ತಾಯಿ ಗುರುತು ಹಿಡಿಯುತ್ತಾಳೆ. ಕೀನ್ಯಾದ ಮಸಾಯಿ ಮಾರಾದಲ್ಲಿ ಪರಿಚಯವಿಲ್ಲದ ಒಂದು, ಎರಡು, ಮೂರು ಪ್ರಾಣಿಗಳ ಕೂಗನ್ನು ಸ್ಪೀಕರ್‌ನಲ್ಲಿ ಹಾಕಿ ನೋಡಿದರು. ಹೊರಗಿನವರು ಹೆಚ್ಚಿದಷ್ಟೂ ಕೇಳಿಸಿಕೊಂಡವು ಹೆಚ್ಚು ಎಚ್ಚರವಾದವು. ಕಿವಿಯಲ್ಲೇ ಲೆಕ್ಕ ಹಾಕಿದ ಹಾಗೆ ಅಲ್ವಾ?

ಈಗ ನಿಮ್ಮ ತಾತನ ಮಾತಿಗೆ ಬರೋಣ. ಈಗ ಭಾರತದಲ್ಲಿರುವುದು ಪಟ್ಟೆ ಕತ್ತೆಕಿರುಬ. ಚುಕ್ಕೆಯದರ ದಾಯಾದಿ, ಆದರೆ ಬಾಳುವ ರೀತಿ ಬೇರೆ. ಮೈ ಚಿಕ್ಕದು, ಕಿವಿ ಚೂಪು, ಬೆನ್ನಿನುದ್ದಕ್ಕೂ ಉದ್ದ ಕೂದಲು. ಹೆದರಿದರೆ ಆ ಕೂದಲು ನೆಟ್ಟಗೆ ನಿಂತು ಪ್ರಾಣಿ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ರಾತ್ರಿ ಜಾಸ್ತಿ ಒಂಟಿಯಾಗಿ ತಿರುಗುತ್ತದೆ. ಸತ್ತ ದನ, ಸಣ್ಣ ಪ್ರಾಣಿ, ಹಣ್ಣು ಸಿಕ್ಕಿದ್ದು ತಿನ್ನುತ್ತದೆ. ಬಂಡೆ, ಗುಹೆ, ಕುರುಚಲು ಕಾಡು ಅದಕ್ಕೆ ಇಷ್ಟ. ಕುಂತಿಬೆಟ್ಟ ಅಂಥದ್ದೇ ಜಾಗ. ಹಾಗಾಗಿ ತಾತ ನೋಡಿರಬಹುದು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಸದ್ದು ಕಡಿಮೆ ಮಾಡುವ ಪ್ರಾಣಿ. ಗುರುಗುಟ್ಟುತ್ತದೆ, ಸಿಕ್ಕಿಹಾಕಿಕೊಂಡರೆ ಅರಚುತ್ತದೆ. ಬೆಟ್ಟದಿಂದ ಊರಿಗೆ ಕೇಳುವಂತೆ ನಗುವುದಿಲ್ಲ. ಊಟದ ಹೊತ್ತಿಗೆ ಸುತ್ತ ಎಂಬತ್ತು ಜನ ಇಲ್ಲದವರಿಗೆ ಆ ನಗುವಿನ ಅಗತ್ಯವೂ ಅಷ್ಟಿಲ್ಲ.

ಹಾಗಾದರೆ ತಾತ ಕೇಳಿದ್ದು ಏನು? ನನಗೆ ನರಿಗಳ ಮೇಲೆ ಅನುಮಾನ. ಕಬ್ಬಿನ ಗದ್ದೆಯಂಚಿನಲ್ಲಿ ಎರಡು ಮೂರು ನರಿ ಒಟ್ಟಿಗೆ ಊಳಿಟ್ಟರೆ ಇಪ್ಪತ್ತು ಜನ ಕೇಕೆ ಹಾಕಿದಂತೆ ಕೇಳುತ್ತದೆ. ತೋಳವೂ ಇರಬಹುದು. ನಿಮ್ಮ ತಾಲ್ಲೂಕಿನ ಮೇಲುಕೋಟೆಯ ಸುತ್ತಲಿನ ಕಾಡನ್ನು 1974ರಲ್ಲಿ ವನ್ಯಧಾಮ ಮಾಡಿದ್ದೇ ಮುಖ್ಯವಾಗಿ ತೋಳಗಳಿಗಾಗಿ. ಹೆಸರಿನ ಗೊಂದಲವೂ ಒಂದಿದೆ. ನಮ್ಮ ಕಡೆ ಹಳ್ಳಿಗಳಲ್ಲಿ ಚಿರತೆಗೂ ಕಿರುಬ ಅನ್ನುತ್ತಾರೆ.

ತಾತನನ್ನೇ ಕೇಳಿ ನೋಡಿ. ಹಿಂದಿನ ಕಾಲು ಗಿಡ್ಡವಾಗಿ ಬೆನ್ನು ಬಾಲದ ಕಡೆಗೆ ಇಳಿಜಾರಾಗಿತ್ತಾ? ಮೈಮೇಲೆ ಅಡ್ಡ ಪಟ್ಟೆ ಇದ್ದವಾ? ಬೆನ್ನಿನ ಕೂದಲು ನಿಂತಿತ್ತಾ? ಹೌದು ಅಂದರೆ ಅವರು ನೋಡಿದ್ದು ಕತ್ತೆಕಿರುಬವೇ. ಅವರು ಯಾವ ವರ್ಷ, ಬೆಟ್ಟದ ಯಾವ ಕಡೆ ನೋಡಿದರು ಅಂತಲೂ ಬರೆದಿಟ್ಟುಕೊಳ್ಳಿ. ಪಟ್ಟೆ ಕತ್ತೆಕಿರುಬ ಜಗತ್ತಿನಲ್ಲೇ ಕಡಿಮೆಯಾಗುತ್ತಿದೆ. ಅದನ್ನು ಕಣ್ಣಾರೆ ಕಂಡ ಹಿರಿಯರೂ ನಮ್ಮ ನಡುವೆ ಇನ್ನು ಕೆಲವರೇ ಉಳಿದಿದ್ದಾರೆ.