ಹಳ್ಳಿಮನೆಗೆ ಇಂಟರ್ನೆಟ್: ನಿಧಾನವಾಗುತ್ತಿರುವುದು ಎಲ್ಲಿ?

ಮನೆಯಲ್ಲಿ ನೆಟ್ ನಿಧಾನ ಎಂಬ ಒಂದೇ ದೂರಿನೊಳಗೆ ಮೂರು ಬೇರೆ ತೊಂದರೆಗಳು ಅಡಗಿರಬಹುದು. ತಂತಿಗೋ ತರಂಗಕ್ಕೋ ಹೊರುವ ಶಕ್ತಿಯೇ ಕಡಿಮೆ ಇರಬಹುದು. ಶಕ್ತಿ ಸಾಕಷ್ಟಿದ್ದರೂ ರಾತ್ರಿ ಊರೆಲ್ಲ ಒಟ್ಟಿಗೆ ನುಗ್ಗುವುದರಿಂದ ನಿಮ್ಮ ಪಾಲು ಚಿಕ್ಕದಾಗಬಹುದು. ಇಲ್ಲವೇ ವೇಗ ಚೆನ್ನಾಗಿದ್ದೂ ಪ್ರತಿ ಕೋರಿಕೆಗೆ ಉತ್ತರ ಬರುವುದು ತಡವಾಗುತ್ತಿರಬಹುದು. ಮೂರಕ್ಕೂ ಮದ್ದು ಬೇರೆ. ಯಾವುದೆಂದು ತಿಳಿಯದೆ ಕಂಪನಿ ಬದಲಿಸಿದರೆ ಹಳೆಯ ತೊಂದರೆಯೇ ಹೊಸ ಬಿಲ್ಲಿನ ಜೊತೆ ಮುಂದುವರಿಯುತ್ತದೆ.

ಅಳೆಯುವುದು ಸುಲಭ, ಆದರೆ ಬಹಳ ಮಂದಿ ತಪ್ಪು ಜಾಗದಲ್ಲಿ ಅಳೆಯುತ್ತಾರೆ. ಒಳಕೋಣೆಯಲ್ಲಿ ಕುಳಿತು ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ವೈಫೈ ಎಷ್ಟು ಗೋಡೆ ದಾಟಿ ಬಂತು ಎನ್ನುವುದಷ್ಟೇ ಗೊತ್ತಾಗುತ್ತದೆ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರವಾಗಿ ರೌಟರಿಗೆ ಸಿಕ್ಕಿಸಿ, ಉಳಿದೆಲ್ಲ ಸಾಧನಗಳ ಸಂಪರ್ಕ ತಪ್ಪಿಸಿ, ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ ಮತ್ತು ರಾತ್ರಿ 9ಕ್ಕೆ ಅಳೆದು ಬರೆದಿಡಿ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಕೋರಿಕೆ ಹೋಗಿ ಉತ್ತರ ಬರಲು ಹಿಡಿಯುವ ಸಮಯ), ಈ ಮೂರೂ ಬೇಕು. ನಾಲ್ಕು ದಿನ ಅಳೆದರೆ ಸಾಕು. ಹಗಲೂ ರಾತ್ರಿಯೂ ಒಂದೇ ಸಮ ಕಡಿಮೆ ಬಂದರೆ ಲೈನಿನ ಮಿತಿಯೇ ಅಷ್ಟು. ಬೆಳಿಗ್ಗೆ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಇದ್ದದ್ದು ರಾತ್ರಿ 2 ಎಂಬಿಪಿಎಸ್‌ಗೆ ಇಳಿದರೆ ಅದು ಜನಜಂಗುಳಿ. ಕೇಬಲ್‌ನಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಕೆಟ್ಟಿದ್ದರೆ ರೌಟರನ್ನು ಬೀರುವಿನ ಹಿಂದಿನಿಂದ ತೆಗೆದು ಮನೆಯ ನಡುವೆ, ಎತ್ತರದಲ್ಲಿ ಇಡಿ. ಹೊಸ ಸಂಪರ್ಕದ ಅಗತ್ಯವೇ ಇಲ್ಲದಿರಬಹುದು.

ಇನ್ನೊಂದು ಪರೀಕ್ಷೆಯನ್ನು ಬಹುತೇಕ ಯಾರೂ ಮಾಡುವುದಿಲ್ಲ, ಹೆಚ್ಚು ಹೇಳುವುದು ಮಾತ್ರ ಅದೇ. ದೊಡ್ಡ ಕಡತವೊಂದನ್ನು ಅಪ್‌ಲೋಡ್‌ಗೆ ಹಚ್ಚಿ, ಅದು ಹೋಗುತ್ತಿರುವಾಗಲೇ ಪಿಂಗ್ ನೋಡಿ. 30 ಮಿಲಿಸೆಕೆಂಡ್ ಇದ್ದದ್ದು ಸಾವಿರ ದಾಟಿದರೆ ಮೋಡೆಮ್‌ನ ಒಳಗೇ ಸರತಿ ಸಾಲು ನಿಂತಿದೆ ಎಂದರ್ಥ. ತಜ್ಞರು ಇದನ್ನು ಬಫರ್‌ಬ್ಲೋಟ್ ಎನ್ನುತ್ತಾರೆ. ಲೆಕ್ಕ ಸರಳ: ಮೋಡೆಮ್‌ನಲ್ಲಿ 256 ಕಿಲೋಬೈಟ್ ಕಾಯುವ ಜಾಗವಿದ್ದು, ಅಪ್‌ಲೋಡ್ ವೇಗ 1 ಎಂಬಿಪಿಎಸ್ ಆಗಿದ್ದರೆ, ಆ ಜಾಗ ತುಂಬಿದಾಗ ಕೊನೆಯಲ್ಲಿ ನಿಂತ ಪ್ಯಾಕೆಟ್ (ದತ್ತಾಂಶದ ತುಣುಕು) ಎರಡು ಸೆಕೆಂಡ್ ಕಾಯಬೇಕು. ಫೋನೊಂದು ಸದ್ದಿಲ್ಲದೆ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದರೆ ಇಡೀ ಮನೆಯ ವಿಡಿಯೊ ಕಾಲ್ ತೊದಲುತ್ತದೆ. ಡೌನ್‌ಲೋಡ್ ಕೂಡ ಕುಂಟುತ್ತದೆ, ಏಕೆಂದರೆ ಬಂದ ದತ್ತಾಂಶಕ್ಕೆ ‘ತಲುಪಿತು’ ಎಂಬ ರಸೀದಿಗಳು ಅದೇ ಸಾಲಿನಲ್ಲಿ ನಿಂತು ಹೋಗಬೇಕು.

ಇದಕ್ಕೆ ಪರಿಹಾರ ಎಸ್‌ಕ್ಯೂಎಂ, ಅಂದರೆ ಸರತಿ ಸಾಲನ್ನು ಜಾಣತನದಿಂದ ನಿಭಾಯಿಸುವ ಸೌಲಭ್ಯವಿರುವ ರೌಟರ್. ಅಳೆದ ವೇಗದ ಶೇ 85–90ರಷ್ಟನ್ನು ಅದರಲ್ಲಿ ಮಿತಿಯಾಗಿ ಹಾಕಬೇಕು. ಆಗ ಸಾಲು ಮೋಡೆಮ್ ಬದಲು ರೌಟರಿನಲ್ಲಿ ನಿಲ್ಲುತ್ತದೆ. ಅಲ್ಲಿ ಯಾವ ಪ್ಯಾಕೆಟ್ ಮೊದಲು ಹೋಗಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸುವ ಜಾಣ ಕ್ರಮವಿರುತ್ತದೆ. ಆ ಜಾಣತನದ ತಿರುಳಾದ ಕೋಡೆಲ್ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ರೌಟರಿಗೆ ಹಾಕಬಹುದಾದ ಓಪನ್‌ವರ್ಟ್‌ನಂಥ ಉಚಿತ ತಂತ್ರಾಂಶದಲ್ಲಿ ಈ ಸೌಲಭ್ಯ ಸಿಗುತ್ತದೆ. ವೇಗದಲ್ಲಿ ಶೇ 10–15ರಷ್ಟು ಬಿಟ್ಟುಕೊಟ್ಟರೂ ಮನೆಯವರಿಗೆ ನೆಟ್ ಚುರುಕಾದಂತೆ ಅನಿಸುವುದು ಇದರ ವಿಚಿತ್ರ. ಲೈನ್ ನಿಧಾನವಿದ್ದಷ್ಟೂ ಇದರ ಲಾಭ ಹೆಚ್ಚು.

ಎಷ್ಟು ವೇಗ ಬೇಕು? ಸ್ಪಷ್ಟವಾದ ಎಚ್‌ಡಿ ವಿಡಿಯೊಗೆ ಸುಮಾರು 5 ಎಂಬಿಪಿಎಸ್, ವಿಡಿಯೊ ಕಾಲ್‌ಗೆ ಎರಡೂ ದಿಕ್ಕಿನಲ್ಲಿ 1ರಿಂದ 3. ಜಾಹೀರಾತಿನ ಸಂಖ್ಯೆ ಮೆಗಾಬಿಟ್‌ಗಳಲ್ಲಿರುತ್ತದೆ, ಕಡತದ ಗಾತ್ರ ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 8 ಎಂಬಿಪಿಎಸ್ ಲೈನಿನಲ್ಲಿ 1 ಜಿಬಿ ಕಡತ ಇಳಿಯಲು ಹೆಚ್ಚುಕಡಿಮೆ 17 ನಿಮಿಷ ಬೇಕು.

ಫೈಬರ್ ನಿಮ್ಮ ರಸ್ತೆಗೆ ಬಂದಿದ್ದರೆ ಹೆಚ್ಚು ಯೋಚಿಸಬೇಕಿಲ್ಲ, ಹಾಕಿಸಿ. ಗಾಜಿನ ಎಳೆಯಲ್ಲಿ ಬೆಳಕು ಕಿಲೋಮೀಟರಿಗೆ ಅರ್ಧ ಡೆಸಿಬೆಲ್‌ಗಿಂತ (ಡೆಸಿಬೆಲ್ ಎಂದರೆ ಸಂಕೇತ ಎಷ್ಟು ಪಟ್ಟು ಏರಿತು ಅಥವಾ ಕುಂದಿತು ಎಂಬುದರ ಅಳತೆ) ಕಡಿಮೆ ಕುಂದುತ್ತದೆ. ಹಾಗಾಗಿ ಹತ್ತಾರು ಕಿಲೋಮೀಟರ್ ದೂರ ಲೆಕ್ಕಕ್ಕೇ ಬರುವುದಿಲ್ಲ. ಅಳವಡಿಸಿದ ದಿನ ಪೆಟ್ಟಿಗೆಗೆ ಬರುವ ಬೆಳಕಿನ ಮಟ್ಟ ಎಷ್ಟೆಂದು ಕೇಳಿ ಬರೆದುಕೊಳ್ಳಿ. ಮನೆಗಳಿಗೆ ಫೈಬರ್ ಹಂಚುವ ಸಾಮಾನ್ಯ ಜಿಪಾನ್ ಜಾಲದಲ್ಲಿ ಅದು ಮೈನಸ್ 27 ಡಿಬಿಎಂಗಿಂತ (ಡಿಬಿಎಂ ಎಂದರೆ ಸಂಕೇತದ ಬಲದ ಅಳತೆ) ಕೆಳಗಿಳಿದರೆ ಸಂಪರ್ಕ ಕೈಕೊಡತೊಡಗುತ್ತದೆ. ಮುಂದೆ ತೊಂದರೆಯಾದಾಗ ಹೋಲಿಸಲು ಈ ಸಂಖ್ಯೆ ಬೇಕಾಗುತ್ತದೆ. ಗೋಡೆಯ ಮೂಲೆಯಲ್ಲಿ ಕೇಬಲನ್ನು ಚೂಪಾಗಿ ಮಡಚಲು ಬಿಡಬೇಡಿ, ಬೆಳಕು ಅಲ್ಲೇ ಸೋರಿಹೋಗುತ್ತದೆ.

ತಾಮ್ರದ ಫೋನ್ ತಂತಿಯ ಕಥೆ ಇದಕ್ಕೆ ತದ್ವಿರುದ್ಧ. ಆ ತಂತಿಯಲ್ಲಿ ನೆಟ್ ತರುವ ಎಡಿಎಸ್‌ಎಲ್2 ಪ್ಲಸ್ ತಂತ್ರ ಕಾಗದದ ಮೇಲೆ 24 ಎಂಬಿಪಿಎಸ್ ಕೊಡುತ್ತದೆ, ಟೆಲಿಫೋನ್ ಎಕ್ಸ್‌ಚೇಂಜ್ ಪಕ್ಕದಲ್ಲಿದ್ದರೆ ಮಾತ್ರ. ಅದು ಬಳಸುವುದು 2.2 ಮೆಗಾಹರ್ಟ್ಸ್‌ವರೆಗಿನ ಆವರ್ತನಗಳನ್ನು. ಆವರ್ತನ ಏರಿದಷ್ಟೂ ತಾಮ್ರದಲ್ಲಿ ಸಂಕೇತ ಬೇಗ ಬಡವಾಗುತ್ತದೆ. ಸಂಕೇತ ಗದ್ದಲದ ಮಟ್ಟಕ್ಕೆ ಇಳಿದಂತೆ ಹೊರಬಲ್ಲ ಬಿಟ್‌ಗಳ ಸಂಖ್ಯೆಯೂ ಇಳಿಯಲೇಬೇಕು ಎಂದು ಗಣಿತಜ್ಞ ಕ್ಲಾಡ್ ಶ್ಯಾನನ್ 1948ರಲ್ಲೇ ಗಣಿತದಿಂದ ತೋರಿಸಿದ್ದರು. ಐದು ಕಿಲೋಮೀಟರ್ ತಂತಿಯ ತುದಿಯಲ್ಲಿ ಉಳಿಯುವುದು ಒಂದೆರಡು ಎಂಬಿಪಿಎಸ್. ಹೆಚ್ಚು ದುಡ್ಡಿನ ಪ್ಲಾನ್ ತೆಗೆದುಕೊಂಡರೂ ತಂತಿ ಬದಲಾಗುವುದಿಲ್ಲ.

ಆದರೂ ಕೈಬಿಡುವ ಮೊದಲು, ಬ್ರೌಸರಿನಲ್ಲಿ ತೆರೆಯುವ ಮೋಡೆಮ್‌ನ ಒಳಪುಟದಲ್ಲಿ ಎರಡು ಸಂಖ್ಯೆ ನೋಡಿ. ಅಟೆನ್ಯುಯೇಶನ್ (ದಾರಿಯಲ್ಲಿ ಸಂಕೇತ ಕುಂದಿದ ಪ್ರಮಾಣ) 60 ಡೆಸಿಬೆಲ್ ಆಸುಪಾಸಿದ್ದರೆ ದೂರವೇ ಶತ್ರು, ಆಸೆ ಬೇಡ. ಅದು 30ರಷ್ಟಿದ್ದೂ ವೇಗ ಬರದಿದ್ದರೆ, ಅಥವಾ ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲದ ಎದುರು ಸಂಕೇತಕ್ಕೆ ಉಳಿದಿರುವ ಅಂತರ) 6ಕ್ಕಿಂತ ಕೆಳಗೆ ಓಲಾಡುತ್ತಿದ್ದರೆ, ದೋಷ ತಂತಿಯ ಜೋಡಣೆಯಲ್ಲಿದೆ. ಮನೆಯೊಳಗೆ ಕವಲೊಡೆದ ಹಳೆಯ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಬಿಡಿಸಿ, ತಂತಿ ಮನೆ ಹೊಕ್ಕ ಮೊದಲ ಸಾಕೆಟ್‌ಗೇ ಮೋಡೆಮ್ ಹಚ್ಚಿ ನೋಡಿ. ಫೋನ್ ಎತ್ತಿದಾಗ ಚರಚರ ಸದ್ದು ಬಂದರೆ, ಅದರಲ್ಲೂ ಮಳೆ ಬಂದ ಮಾರನೆಯ ದಿನ ಬಂದರೆ, ಎಲ್ಲೋ ಜಾಯಿಂಟ್‌ಗೆ ನೀರು ಹೊಕ್ಕಿದೆ. ದೂರು ಕೊಡುವಾಗ ‘ನೆಟ್ ನಿಧಾನ’ ಎನ್ನುವುದಕ್ಕಿಂತ ‘ಮಾತಿನಲ್ಲಿ ಸದ್ದು ಬರುತ್ತಿದೆ’ ಎನ್ನಿ. ತಂತಿ ನೋಡುವ ಲೈನ್‌ಮನ್ ಬರುವ ಸಾಧ್ಯತೆ ಹೆಚ್ಚು.

ತಾಮ್ರ ಸೋತ ಕಡೆ ಬಹಳ ಮನೆಗಳಿಗೆ ದಕ್ಕುವುದು ಮೊಬೈಲ್ ಟವರಿನ 4ಜಿ ಅಥವಾ 5ಜಿ. ಇಲ್ಲಿ ಫೋನಿನ ಕಡ್ಡಿಗಳನ್ನು ನಂಬಬೇಡಿ, ಪ್ರತಿ ತಯಾರಕರ ಕಡ್ಡಿಯ ಅಳತೆ ಬೇರೆ. ಸಿಮ್ ರೌಟರಿನ ಪುಟದಲ್ಲಿ ಆರ್‌ಎಸ್‌ಆರ್‌ಪಿ ಮತ್ತು ಎಸ್‌ಐಎನ್‌ಆರ್ ಎಂಬ ಸಾಲುಗಳಿರುತ್ತವೆ. ಮೊದಲನೆಯದು ಸಂಕೇತದ ಬಲ: ಮೈನಸ್ 80 ಉತ್ತಮ, ಮೈನಸ್ 100 ಪರವಾಗಿಲ್ಲ, ಮೈನಸ್ 115 ದಾಟಿದರೆ ಕಷ್ಟ. ಎರಡನೆಯದು ಗದ್ದಲಕ್ಕೆ ಹೋಲಿಸಿದ ಸ್ಪಷ್ಟತೆ: 20 ಇದ್ದರೆ ಸೊಗಸು, 0 ಹತ್ತಿರವಿದ್ದರೆ ಬಲ ಎಷ್ಟಿದ್ದರೂ ವೇಗ ಬರದು. ಎರಡರಲ್ಲಿ ಎಸ್‌ಐಎನ್‌ಆರ್‌ಗೇ ಹೆಚ್ಚು ಬೆಲೆ ಕೊಡಿ. ಬೇರೆ ಬೇರೆ ಕಂಪನಿಗಳ ಸಿಮ್ ಹಾಕಿ, ಮನೆಯ ನಾಲ್ಕೂ ದಿಕ್ಕಿನ ಕಿಟಕಿಯಲ್ಲಿ ಮತ್ತು ಮಾಡಿನ ಮೇಲೆ ಈ ಸಂಖ್ಯೆಗಳನ್ನು ಬರೆದುಕೊಳ್ಳಿ. 700–900 ಮೆಗಾಹರ್ಟ್ಸ್ ತರಂಗ ದೂರ ಸಾಗುತ್ತದೆ, ಗೋಡೆಯನ್ನೂ ದಾಟುತ್ತದೆ, ಆದರೆ ಅಲ್ಲಿ ಸಾಮಾನ್ಯವಾಗಿ ದತ್ತಾಂಶ ಹೊರುವ ಜಾಗ ಕಡಿಮೆ. 1800ರ ಮೇಲಿನ ಬ್ಯಾಂಡ್‌ನಲ್ಲಿ ಸಂಕೇತ ತುಸು ದುರ್ಬಲವಿದ್ದೂ ವೇಗ ಹೆಚ್ಚು ಸಿಗುವುದುಂಟು. ಬ್ಯಾಂಡ್ ಆರಿಸಲು ಬಿಡುವ ರೌಟರ್ ಇದ್ದರೆ ಎರಡನ್ನೂ ಪ್ರಯೋಗಿಸಿ.

ಹೊರ ಆಂಟೆನಾ ಹಾಕುವವರು ಎಡವುವುದು ಕೇಬಲ್‌ನಲ್ಲಿ. ಆರ್‌ಜಿ-58ರಂಥ ತೆಳು ಕೇಬಲ್ 2 ಗಿಗಾಹರ್ಟ್ಸ್ ಬಳಿ ಮೀಟರಿಗೆ ಸುಮಾರು 0.8 ಡೆಸಿಬೆಲ್ ನುಂಗುತ್ತದೆ. ಹತ್ತು ಮೀಟರ್ ಎಳೆದರೆ 8 ಡೆಸಿಬೆಲ್ ಹೋಯಿತು. ಆಂಟೆನಾ 9 ಡೆಸಿಬೆಲ್ ಗಳಿಸಿಕೊಟ್ಟಿದ್ದರೆ ಅದರಲ್ಲಿ ಉಳಿದದ್ದು 1. ಎಲ್‌ಎಂಆರ್-400ರಂಥ ದಪ್ಪ ಕೇಬಲ್‌ನಲ್ಲಿ ಅದೇ ದೂರಕ್ಕೆ ಹೋಗುವುದು 2 ಮಾತ್ರ. ಅದಕ್ಕಿಂತ ಜಾಣ ದಾರಿ, ಆಂಟೆನಾ ಮತ್ತು ಮೋಡೆಮ್ ಒಂದೇ ಪೆಟ್ಟಿಗೆಯಲ್ಲಿರುವ ಹೊರಾಂಗಣ ರೌಟರನ್ನು ಕಂಬಕ್ಕೆ ಕಟ್ಟಿ ಒಳಗೆ ಲ್ಯಾನ್ ಕೇಬಲ್ ತರುವುದು. ವಿದ್ಯುತ್ತೂ ಅದೇ ಕೇಬಲ್‌ನಲ್ಲಿ ಹೋಗುತ್ತದೆ, 100 ಮೀಟರ್‌ವರೆಗೆ ಸಂಕೇತ ಕುಂದುವ ಭಯವಿಲ್ಲ. ಬಿಡಿ ಆಂಟೆನಾ ಕೊಳ್ಳುವುದಾದರೆ ಎರಡು ಕೇಬಲ್ ಹೊರಡುವ ಅಡ್ಡ-ಧ್ರುವೀಕೃತ ಮಾದರಿಯೇ (ಒಂದಕ್ಕೊಂದು ಅಡ್ಡವಾಗಿ ಕೂತ ಎರಡು ಆಂಟೆನಾ ಒಳಗಿರುವುದು) ಇರಲಿ. 4ಜಿ ಒಂದೇ ಬಾರಿಗೆ ಎರಡು ಹೊಳೆಯಾಗಿ ದತ್ತಾಂಶ ಕಳಿಸಬಲ್ಲದು, ಒಂಟಿ ಕೇಬಲ್‌ನ ಆಂಟೆನಾದಲ್ಲಿ ಅದರ ಅರ್ಧ ಕಳೆದುಹೋಗಬಹುದು. ಕಂಬಕ್ಕೆ ಅರ್ತಿಂಗ್ ಮತ್ತು ಸಿಡಿಲು ರಕ್ಷಕ ಬೇಕೇ ಬೇಕು.

ಮೊಬೈಲ್ ಜಾಲದಲ್ಲಿ ಒಂದೇ ಹೊರ ಇಂಟರ್ನೆಟ್ ವಿಳಾಸವನ್ನು ಹಲವು ಗ್ರಾಹಕರು ಹಂಚಿಕೊಳ್ಳುವುದು ಸಾಮಾನ್ಯ. ಹಾಗಾಗಿ ಮನೆಯ ಕ್ಯಾಮೆರಾಕ್ಕೆ ಹೊರಗಿನಿಂದ ನೇರವಾಗಿ ಸಂಪರ್ಕಿಸುವ ಹಳೆಯ ಪೋರ್ಟ್ ಫಾರ್ವರ್ಡಿಂಗ್ ಕೆಲಸ ಮಾಡದು. ತಯಾರಕರ ಕ್ಲೌಡ್ ಮೂಲಕ ನೋಡುವ ಕ್ಯಾಮೆರಾ ಬೇಕು. ದಿನದ ಅಥವಾ ತಿಂಗಳ ಮಿತಿ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂದೂ ಕೇಳಿ ತಿಳಿಯಿರಿ.

ಗುಡ್ಡದ ಮೇಲಿನ ಗೋಪುರದಿಂದ 5 ಗಿಗಾಹರ್ಟ್ಸ್ ರೇಡಿಯೊದಲ್ಲಿ ಸಂಪರ್ಕ ಕೊಡುವ ಸಣ್ಣ ಸೇವಾದಾರರಿದ್ದರೆ ಮೊದಲು ಮಾಡಿನ ಮೇಲೆ ಹತ್ತಿ ಗೋಪುರ ಕಾಣುತ್ತದೆಯೇ ನೋಡಿ. ಕಂಡರೂ ಸಾಲದು. ನೋಟದ ಗೆರೆಯ ಸುತ್ತ ಫ್ರೆನೆಲ್ ವಲಯ ಎಂಬ ಉಬ್ಬಿದ ಕೊಳವೆಯಂಥ ಜಾಗವೂ ತೆರವಿರಬೇಕು. 5 ಕಿಲೋಮೀಟರ್ ದೂರದ ನಡುಮಧ್ಯದಲ್ಲಿ ಅದರ ತ್ರಿಜ್ಯ ಸುಮಾರು 8 ಮೀಟರ್. ಅದರಲ್ಲಿ ಶೇ 60ರಷ್ಟು ತೆರವಿದ್ದರೆ ಕೆಲಸ ನಡೆಯುತ್ತದೆ. ಎಲೆ ಉದುರಿದ ಕಾಲದಲ್ಲಿ ಹಾಕಿಸಿದ್ದೆವು, ಮರಗಳು ಚಿಗುರಿ ಒದ್ದೆಯಾದಾಗ ಸಂಪರ್ಕ ಸತ್ತಿತು ಎಂಬುದು ಇಲ್ಲಿನ ಮಾಮೂಲಿ ಗೋಳು.

ಉಪಗ್ರಹದಲ್ಲಿ ಎರಡು ಜಾತಿ. 35,786 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಕ್ಕೆ ಕೋರಿಕೆ ಹೋಗಿ ಇಳಿದು, ಉತ್ತರ ಏರಿ ಇಳಿಯುವಷ್ಟರಲ್ಲಿ ಬೆಳಕಿಗೂ ಅರ್ಧ ಸೆಕೆಂಡಿನಷ್ಟು ಬೇಕು. ವಿಡಿಯೊ ನೋಡಬಹುದು, ಮಾತಾಡುವಾಗ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ. ಸ್ಟಾರ್‌ಲಿಂಕ್‌ನಂಥವು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿವೆ, ಪಿಂಗ್ ಹೆಚ್ಚಾಗಿ 25–60 ಮಿಲಿಸೆಕೆಂಡ್. ಆದರೆ ಅವು ಓಡುತ್ತಿರುತ್ತವೆ, ಡಿಶ್‌ಗೆ ವಿಶಾಲ ಆಕಾಶ ಬೇಕು. ಒಂದೇ ಮರದ ಕೊಂಬೆ ಅಡ್ಡವಾದರೂ ಕಾಲ್ ಕ್ಷಣಕಾಲ ಕಡಿದು ಮತ್ತೆ ಹತ್ತುತ್ತದೆ. ಕೊಳ್ಳುವ ಮುನ್ನವೇ ಅವರ ಆ್ಯಪ್‌ನಲ್ಲಿ ಆಕಾಶವನ್ನು ಸ್ಕ್ಯಾನ್ ಮಾಡಿ ನೋಡಬಹುದು. ಸಾಮಾನ್ಯ ಡಿಶ್ ಮಾದರಿಗೆ ತಕ್ಕಂತೆ 50–100 ವಾಟ್ ಎಳೆಯುತ್ತದೆ. 60 ವಾಟ್ ಎಂದು ಹಿಡಿದರೂ ದಿನಕ್ಕೆ ಸುಮಾರು ಒಂದೂವರೆ ಯೂನಿಟ್. ಕರೆಂಟ್ ಆಗಾಗ ಹೋಗುವ ಕಡೆ ಹತ್ತು ವಾಟ್‌ನ ರೌಟರಿಗೆ ಸಾಲುವ ಪುಟ್ಟ ಯುಪಿಎಸ್ ಇದಕ್ಕೆ ಸಾಲದು.

ಎರಡು ಸಂಪರ್ಕ ಇಟ್ಟುಕೊಂಡರೆ ಒಂದು ಸತ್ತಾಗ ಇನ್ನೊಂದು ಆಗುತ್ತದೆ, ಆದರೆ ಮಾಮೂಲಿ ರೌಟರಿನಲ್ಲಿ ಒಂದೇ ಡೌನ್‌ಲೋಡ್‌ಗೆ ಎರಡರ ವೇಗ ಕೂಡುವುದಿಲ್ಲ. ಹೊಸದು ಬಂದ ಮೇಲೂ ಹಳೆಯದನ್ನು ಒಂದು ತಿಂಗಳಾದರೂ ಉಳಿಸಿಕೊಂಡು, ರಾತ್ರಿ 9ರ ಮತ್ತು ಜೋರು ಮಳೆಯ ಹೊತ್ತಿನ ಸಂಖ್ಯೆಗಳನ್ನು ಹೋಲಿಸಿ. ತಾಮ್ರದ ಜಾಲ ಮುಚ್ಚುತ್ತಿರುವ ಕಡೆಗಳಲ್ಲಿ ಒಮ್ಮೆ ಕಡಿಸಿದ ಲೈನ್ ಮತ್ತೆ ಸಿಗದೇ ಹೋಗಬಹುದು.