5,000 ಕಿ.ಮೀ. ದೂರಕ್ಕೆ ಇಡೀ ದಿನ ಯಾಕೆ ಬೇಕು?

ಪ್ರಶ್ನೆ: ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಿಂದ ನಾರ್ವೆಯ ಟ್ರೊಮ್ಸೊಗೆ ಸುಮಾರು 5,000 ಕಿ.ಮೀ., ಆರೂವರೆ ಗಂಟೆ ಹಾರಾಟ ಎಂದು ಆನ್‌ಲೈನ್ ಲೆಕ್ಕ ತೋರಿಸುತ್ತದೆ. ಟಿಕೆಟ್ ಹುಡುಕಿದರೆ ಒಂದು ದಿನವೇ ಬೇಕು ಅನ್ನುತ್ತದೆ. ಯಾವುದನ್ನು ನಂಬಬೇಕು?

ಎರಡೂ ಸರಿಯೇ. ಆದರೆ ಹೊರಡುವವರಿಗೆ ಬೇಕಾದದ್ದು ಎರಡನೆಯದು.

ಮೊದಲು ಆ 5,000ದ ಮೂಲ ನೋಡೋಣ. ಗೋಡೆಯ ನಕ್ಷೆಯಲ್ಲಿ ಅಲಾಸ್ಕಾ ಎಡತುದಿಗೆ, ನಾರ್ವೆ ನಡುವಿಗಿಂತ ತುಸು ಬಲಕ್ಕೆ ಇರುತ್ತದೆ. ನಡುವೆ ಇಡೀ ಕೆನಡಾ, ಅಟ್ಲಾಂಟಿಕ್. ಅದೇ ಗ್ಲೋಬಿನ ಮೇಲೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ: ದಾರ ಉತ್ತರ ಧ್ರುವದಿಂದ ಸುಮಾರು 300 ಕಿ.ಮೀ. ಪಕ್ಕದಲ್ಲೇ ಹಾದುಹೋಗುತ್ತದೆ. ಈ ಅತಿ ಹತ್ತಿರದ ದಾರಿಯ ಉದ್ದ ಸುಮಾರು 5,025 ಕಿ.ಮೀ. ಕೆಲವೆಡೆ ಇದನ್ನೇ 3,120 ಮೈಲಿ ಎಂದೂ, 2,710 ನಾಟಿಕಲ್ ಮೈಲಿ ಎಂದೂ ಕೊಟ್ಟಿರುತ್ತಾರೆ. ಗಾಬರಿ ಬೇಡ, ದೂರ ಒಂದೇ.

ಹೊತ್ತಿನ ಲೆಕ್ಕವೂ ಸರಳ. ದೂರವನ್ನು ಗಂಟೆಗೆ 850 ಕಿ.ಮೀ. ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸುತ್ತಾರೆ. ಗಾಳಿ ಇದರಲ್ಲಿ ಸೇರಿರುವುದಿಲ್ಲ. 2020ರ ಫೆಬ್ರವರಿಯಲ್ಲಿ ಬಲವಾದ ಜೆಟ್ ಸ್ಟ್ರೀಮ್ (ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ವೇಗದ ಗಾಳಿ) ಹಿಂದಿನಿಂದ ತಳ್ಳಿದ್ದಕ್ಕೆ ನ್ಯೂಯಾರ್ಕ್‌ನಿಂದ ಹೊರಟ ವಿಮಾನವೊಂದು ಐದು ಗಂಟೆಯೊಳಗೆ ಲಂಡನ್ ಮುಟ್ಟಿತ್ತು. ಮಾಮೂಲಿಯಾಗಿ ಅದಕ್ಕೆ ಆರೂವರೆ, ಏಳು ಗಂಟೆ ಹಿಡಿಯುತ್ತದೆ.

ನಿಜವಾದ ತೊಡಕು ಬೇರೆ. ಈ ಎರಡು ಊರುಗಳ ನಡುವೆ ನೇರ ವಿಮಾನವೇ ಇಲ್ಲ. ಫೇರ್‌ಬ್ಯಾಂಕ್ಸ್ ನಗರದ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಟ್ರೊಮ್ಸೊಗೆಂದೇ ಹೋಗುವವರಿಂದ ವಿಮಾನ ತುಂಬುವುದು ಹೇಗೆ? ಹಾಗಾಗಿ ದೊಡ್ಡ ನಿಲ್ದಾಣಗಳನ್ನು ಸುತ್ತಿಕೊಂಡೇ ಹೋಗಬೇಕು. ಸಿಯಾಟಲ್, ಕೆಫ್ಲಾವಿಕ್, ಓಸ್ಲೋ ದಾರಿ ಹಿಡಿದಿರಿ ಎನ್ನಿ. ಸಿಯಾಟಲ್‌ಗೆ 2,460 ಕಿ.ಮೀ., ಅಲ್ಲಿಂದ ಐಸ್‌ಲ್ಯಾಂಡಿನ ಕೆಫ್ಲಾವಿಕ್‌ಗೆ 5,810, ಓಸ್ಲೋಗೆ 1,780, ಕೊನೆಗೆ ಟ್ರೊಮ್ಸೊಗೆ 1,115. ಒಟ್ಟು 11,000 ಕಿ.ಮೀ. ದಾಟಿತು, ನೇರ ದೂರದ ಎರಡು ಪಟ್ಟಿಗೂ ಹೆಚ್ಚು. ಮೊದಲ ಹಾರಾಟವಂತೂ ಗುರಿಗೆ ಬೆನ್ನು ಹಾಕಿ ದಕ್ಷಿಣಕ್ಕೆ! ಗಾಳಿಯಲ್ಲೇ ಹದಿನೈದು ಗಂಟೆ. ಮೂರು ಕಡೆ ಕಾಯುವುದು ಸೇರಿದರೆ ಒಂದು ದಿನ ಸಲೀಸಾಗಿ ಕಳೆಯುತ್ತದೆ. ಅದಕ್ಕೇ ನನ್ನ ಸಲಹೆ: ದೂರ ನೋಡುವ ಮೊದಲು ಎಷ್ಟು ಕಡೆ ವಿಮಾನ ಬದಲಿಸಬೇಕು ಎಂದು ನೋಡಿ.

ಟಿಕೆಟ್ಟಿನ ಮೇಲಿನ ಗಡಿಯಾರವೂ ಹಲವರನ್ನು ದಾರಿ ತಪ್ಪಿಸುತ್ತದೆ. ಹೊರಡುವ, ತಲುಪುವ ವೇಳೆ ಎರಡೂ ಆಯಾ ಊರಿನದ್ದು. ಟ್ರೊಮ್ಸೊ ಗಡಿಯಾರ ಫೇರ್‌ಬ್ಯಾಂಕ್ಸ್‌ಗಿಂತ 10 ಗಂಟೆ ಮುಂದೆ. ನೇರ ವಿಮಾನ ಇದ್ದು, ಬೆಳಗ್ಗೆ 8ಕ್ಕೆ ಫೇರ್‌ಬ್ಯಾಂಕ್ಸ್ ಬಿಟ್ಟರೆ ಇಳಿಯುವಾಗ ಟ್ರೊಮ್ಸೊದಲ್ಲಿ ನಡುರಾತ್ರಿ 12.30. ವಾಪಸು ಬೆಳಗ್ಗೆ 8ಕ್ಕೆ ಹೊರಟರೆ ಅದೇ ದಿನ ನಸುಕಿನ 4.30ಕ್ಕೇ ಫೇರ್‌ಬ್ಯಾಂಕ್ಸ್! ತಲುಪುವ ವೇಳೆಯಿಂದ ಹೊರಡುವ ವೇಳೆ ಕಳೆಯಬೇಡಿ. ಟಿಕೆಟ್ಟಿನಲ್ಲಿ ಪ್ರಯಾಣದ ಒಟ್ಟು ಅವಧಿ ಪ್ರತ್ಯೇಕವಾಗಿ ಇರುತ್ತದೆ, ಅದನ್ನೇ ಓದಿ. ಮಾರ್ಚ್‌ನಲ್ಲಿ ಹೋಗುವವರು ಇನ್ನೂ ಹುಷಾರು. ಬೇಸಿಗೆಗೆಂದು ಅಮೆರಿಕ ಆ ತಿಂಗಳ ಎರಡನೇ ಭಾನುವಾರವೇ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ವ್ಯತ್ಯಾಸ 9 ಗಂಟೆ ಮಾತ್ರ.