ಹ್ಯಾಂಗ್ ಆಗುವ ಸಿಸ್ಟಮ್: ಫಾರ್ಮ್ಯಾಟ್‌ಗೆ ಮೊದಲು ಡಿಸ್ಕ್ ನೋಡಿ

ತುಮಕೂರಿನಲ್ಲಿ ಹಾರ್ಡ್‌ವೇರ್ ಕೆಲಸ ಕಲಿಯುತ್ತಿರುವ ನಮಗೆಲ್ಲ ಪದೇ ಪದೇ ಕೇಳುವ ಮಾತು ಇದು: "ಸಿಸ್ಟಮ್ ಸ್ಟ್ರಕ್ ಆಗ್ತಿದೆ, ಒಂದ್ಸಲ ಫಾರ್ಮ್ಯಾಟ್ ಮಾಡ್ಕೊಡಿ." ಓಎಸ್ ಹಾಕಿಕೊಟ್ಟರೆ ಕೆಲವು ವಾರ ಚೆನ್ನಾಗಿಯೇ ಓಡುತ್ತದೆ. ಆಮೇಲೆ ಅದೇ ಡಬ್ಬ ವಾಪಸ್ ಬರುತ್ತದೆ. ಹೀಗೆ ಏಕಾಗುತ್ತದೆ ಅಂತ ತಿಳಿದುಕೊಳ್ಳಲು ಈ ಟಿಪ್ಪಣಿ.

ಮೊದಲು ಹ್ಯಾಂಗ್ ಯಾವ ಥರದ್ದು ಅಂತ ನೋಡಿ. ನಿಂತುಹೋದಾಗ ಕ್ಯಾಪ್ಸ್ ಲಾಕ್ ಒತ್ತಿ. ಕೀಬೋರ್ಡಿನ ದೀಪ ಹತ್ತಿ ಆರುತ್ತಿದೆ, ಮೌಸ್ ಬಾಣ ಓಡಾಡುತ್ತಿದೆ, ಆದರೆ ಎಲ್ಲಿ ಕ್ಲಿಕ್ ಮಾಡಿದರೂ ಏನೂ ತೆರೆಯುತ್ತಿಲ್ಲ ಅಂದರೆ ವಿಂಡೋಸ್ ಸತ್ತಿಲ್ಲ, ಯಾವುದಕ್ಕೋ ಕಾಯುತ್ತಿದೆ. ಹೆಚ್ಚಾಗಿ ಡಿಸ್ಕ್‌ಗೆ. ದೀಪವೂ ಬದಲಾಗುತ್ತಿಲ್ಲ, ಬಾಣವೂ ನಿಂತಿದೆ ಅಂದರೆ ಮೊದಲ ಅನುಮಾನ ರ‍್ಯಾಮ್, ಬಿಸಿ, ಎಸ್‌ಎಂಪಿಎಸ್ (ಕರೆಂಟ್ ಒದಗಿಸುವ ಪವರ್ ಸಪ್ಲೈ ಡಬ್ಬಿ) ಅಥವಾ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಸಾಫ್ಟ್‌ವೇರ್) ಮೇಲೆ ಇರಲಿ. ಇದು ಅಂದಾಜಿನ ಸೂತ್ರ ಅಷ್ಟೇ, ಆದರೆ ತುಂಬಾ ಸಮಯ ಉಳಿಸುತ್ತದೆ.

ಮುಂದೆ ಟಾಸ್ಕ್ ಮ್ಯಾನೇಜರ್. ಡಿಸ್ಕ್ 100 ಪರ್ಸೆಂಟ್ ತೋರಿಸಿದ ತಕ್ಷಣ ಡಿಸ್ಕ್ ಕೆಟ್ಟಿದೆ ಅನ್ನಬೇಡಿ. ಪಕ್ಕದಲ್ಲಿರುವ ವೇಗ ನೋಡಿ. ಸೆಕೆಂಡಿಗೆ ಹತ್ತಾರು ಎಂಬಿ ಓಡುತ್ತಿದ್ದರೆ ಅಪ್‌ಡೇಟೋ ಆಂಟಿವೈರಸ್ಸೋ ಕೆಲಸ ಮಾಡುತ್ತಿದೆ, ಇಲ್ಲವೇ ರ‍್ಯಾಮ್ ಸಾಲದೆ ಡಿಸ್ಕನ್ನೇ ಬಳಸಿಕೊಳ್ಳುತ್ತಿದೆ. 100 ಪರ್ಸೆಂಟ್ ಇದ್ದೂ ವೇಗ ಸೊನ್ನೆಯ ಹತ್ತಿರವಿದ್ದು, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಆಗಿದ್ದರೆ ಆಗ ಅನುಮಾನ ಗಟ್ಟಿ. ವಿಂಡೋಸ್ ತನ್ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆಯಿರಿ. 'ಡಿಸ್ಕ್' ಹೆಸರಿನಲ್ಲಿ 7ನೇ ನಂಬರಿನ ಈವೆಂಟ್ ಇದ್ದರೆ ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಜಾಗ, ಸಿಕ್ಕಿದೆ ಅಂತ. 153 ಇದ್ದರೆ ಓದುವುದನ್ನೋ ಬರೆಯುವುದನ್ನೋ ಮತ್ತೆ ಮಾಡಬೇಕಾಯಿತು ಅಂತ.

ಒಂದು ಚಿಕ್ಕ ಸೆಕ್ಟರ್ ಕೆಟ್ಟರೆ ಇಡೀ ಸಿಸ್ಟಮ್ ಏಕೆ ನಿಲ್ಲಬೇಕು? ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಸೆಕ್ಟರ್ ಅಂದರೆ ಡಿಸ್ಕ್‌ನಲ್ಲಿ ಡೇಟಾ ಇಡುವ ಚಿಕ್ಕ ಖಾನೆ, ಅಳತೆ 512 ಬೈಟ್, ಹೊಸ ಡಿಸ್ಕ್‌ಗಳಲ್ಲಿ 4096. ಅದು ಓದಲು ಬರದಿದ್ದರೆ ಡಿಸ್ಕ್ ಸುಲಭಕ್ಕೆ ಸೋಲೊಪ್ಪುವುದಿಲ್ಲ. ಮತ್ತೆ ಮತ್ತೆ ಓದಲು ನೋಡುತ್ತದೆ. ಎನ್‌ಎಎಸ್‌ಗೆಂದು (ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಸ್ಟೋರೇಜ್ ಡಬ್ಬ) ಮಾಡಿದ ಡಿಸ್ಕ್‌ಗಳು ಸುಮಾರು 7 ಸೆಕೆಂಡಿಗೆ ಕೈಬಿಡುತ್ತವೆ, ಮನೆಯ ಡೆಸ್ಕ್‌ಟಾಪ್ ಡಿಸ್ಕ್‌ಗಳು ಇನ್ನೂ ಜಾಸ್ತಿ ಹೊತ್ತು ಹಟ ಹಿಡಿಯುತ್ತವೆ. ಅಷ್ಟು ಹೊತ್ತು ಉಳಿದ ಕೆಲಸವೆಲ್ಲ ಹಿಂದೆ ಕ್ಯೂ ನಿಂತಿರುತ್ತದೆ.

ಹಾಗೆ ಓದಲಾಗದ ಸೆಕ್ಟರನ್ನು ಡಿಸ್ಕ್ 'ಪೆಂಡಿಂಗ್' ಅಂತ ಗುರುತು ಹಾಕಿಕೊಳ್ಳುತ್ತದೆ. ಮುಂದೆ ಅದರ ಮೇಲೆ ಹೊಸದಾಗಿ ಬರೆಯುವಾಗಲೇ ತೀರ್ಮಾನ. ಬರಹ ಸರಿಯಾಗಿ ಕೂತರೆ ಗುರುತು ಹೋಗುತ್ತದೆ, ಕೂರದಿದ್ದರೆ ಬದಲಿ ಸೆಕ್ಟರ್ ಕೊಡುತ್ತದೆ. ಬರೆಯುವಾಗಲೇ ಕರೆಂಟ್ ಹೋದರೆ ಆರೋಗ್ಯವಾಗಿರುವ ಸೆಕ್ಟರ್ ಕೂಡ ಪೆಂಡಿಂಗ್ ಆಗಬಹುದು. ನಮ್ಮ ಹಳ್ಳಿಗಳ ಕರೆಂಟ್ ನೋಡಿದರೆ ಯುಪಿಎಸ್ ಇಲ್ಲದ ಸಿಸ್ಟಮ್‌ಗೆ ಇದು ದೂರದ ಮಾತಲ್ಲ.

ಈಗ ಫಾರ್ಮ್ಯಾಟ್ ವಿಷಯ. ಕ್ವಿಕ್ ಫಾರ್ಮ್ಯಾಟ್ ಫೈಲ್‌ಗಳ ಪಟ್ಟಿಯನ್ನಷ್ಟೇ ಹೊಸದಾಗಿ ಮಾಡುತ್ತದೆ, ಕೆಟ್ಟ ಸೆಕ್ಟರನ್ನು ಮುಟ್ಟುವುದೇ ಇಲ್ಲ. ಹೊಸ ವಿಂಡೋಸ್ ಬೇರೆ ಜಾಗದಲ್ಲಿ ಕೂತರೆ ಸದ್ಯಕ್ಕೆ ತೊಂದರೆ ಕಾಣುವುದಿಲ್ಲ. ಫೈಲ್‌ಗಳು ತುಂಬುತ್ತಾ ಆ ಜಾಗಕ್ಕೆ ಬಂದಾಗ ಹಳೇ ಕಥೆಯೇ.

ಇದನ್ನೆಲ್ಲ ಡಿಸ್ಕೇ ಲೆಕ್ಕ ಇಟ್ಟಿರುತ್ತದೆ, ಆ ಆರೋಗ್ಯದ ಲೆಕ್ಕಕ್ಕೇ ಸ್ಮಾರ್ಟ್ (S.M.A.R.T.) ಅಂತ ಹೆಸರು. ವಿಂಡೋಸ್‌ನಲ್ಲಿ ಉಚಿತವಾದ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ಅದು ತೋರಿಸುವ ಪಟ್ಟಿಯಲ್ಲಿ 05 ನಂಬರಿನ ಸಾಲು ಅಂದರೆ ಬದಲಿ ಕೊಟ್ಟ ಸೆಕ್ಟರ್, ಸಿ5 ಪೆಂಡಿಂಗ್, ಸಿ6 ಸರಿಪಡಿಸಲಾಗದ್ದು. ಈ ಮೂರರ ರಾ ವ್ಯಾಲ್ಯೂ (ನೇರ ಎಣಿಕೆಯ ಅಂಕಿ) ಸೊನ್ನೆ ಇರಬೇಕು. ಇದ್ದ ಅಂಕಿಗಿಂತ ಅದು ಏರುತ್ತಿದೆಯೇ ಅನ್ನುವುದು ಮುಖ್ಯ, ಹಾಗಾಗಿ ಫೋಟೊ ತೆಗೆದಿಟ್ಟು ಕೆಲವು ದಿನ ಬಿಟ್ಟು ಹೋಲಿಸಿ. ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಎಣಿಕೆಯಲ್ಲಿ, ಇರುತ್ತವೆ, 10 ಅಂತ ಕಂಡರೆ ಅದು 16. ಸಿ7 (ಡೇಟಾ ಸಾಗುವಾಗ ಆದ ತಪ್ಪುಗಳ ಎಣಿಕೆ) ಏರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್‌ನದ್ದು. ಬೇರೆ ಕೇಬಲ್ ಹಾಕಿ ನೋಡದೆ ಗ್ರಾಹಕರಿಗೆ ಹೊಸ ಡಿಸ್ಕ್ ಮಾರಬೇಡಿ. ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ರ ಎದುರು ದೊಡ್ಡ ಅಂಕಿ ಇರುವುದು ಮಾಮೂಲು, ಹೆದರಬೇಕಿಲ್ಲ. ಪಾವಗಡ, ಶಿರಾ ಕಡೆಯ ಬೇಸಿಗೆಯಲ್ಲಿ, ಶೀಟಿನ ಮಾಡಿನ ಕೆಳಗಿರುವ ಸಿಸ್ಟಮ್ ಆದರೆ ಡಿಸ್ಕ್‌ನ ಬಿಸಿಯನ್ನೂ ನೋಡಿ. 50 ಡಿಗ್ರಿ ದಾಟಿದರೆ ಧೂಳು ತೆಗೆದು ಫ್ಯಾನ್ ಪರೀಕ್ಷಿಸಿ.

'ಗುಡ್' ಅಂತ ಬಂದರೂ ಪೂರ್ತಿ ನಂಬುವ ಹಾಗಿಲ್ಲ. ಗೂಗಲ್‌ನವರು ತಮ್ಮ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ.

ಕೆಲಸದ ಕ್ರಮದಲ್ಲಿ ನಾನು ಗಟ್ಟಿಯಾಗಿ ಹೇಳುವುದು ಒಂದೇ: ಸಿ5 ಕಂಡ ತಕ್ಷಣ ರಿಪೇರಿ ಬಿಟ್ಟು ಡೇಟಾ ಕಾಪಿ ಮಾಡಿ. ತಿಪಟೂರಿನ ಕೊಬ್ಬರಿ ಮಂಡಿಯ ಸಿಸ್ಟಮ್ ಅಂದುಕೊಳ್ಳಿ. ಅದರಲ್ಲಿರುವ ಟ್ಯಾಲಿ ಲೆಕ್ಕ ಹೋದರೆ ಯಾವ ರೈತರಿಗೆ ಎಷ್ಟು ಕೊಡಬೇಕು ಅನ್ನುವುದೇ ಹೋಯಿತು, ಅಲ್ವಾ? ಮೊದಲು ಆ ಫೋಲ್ಡರ್, ಆಮೇಲೆ ಫೋಟೊ, ಕೊನೆಗೆ ಉಳಿದದ್ದು. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಪರೀಕ್ಷೆಯ ಆಜ್ಞೆ ಚೆಕ್ ಡಿಸ್ಕ್‌ನ (chkdsk) 'ಆರ್' ಆಯ್ಕೆ (/r) ಇಡೀ ಡಿಸ್ಕನ್ನು ಗಂಟೆಗಟ್ಟಲೆ ಓದಿಸುತ್ತದೆ. ಸೊರಗಿದ ಡಿಸ್ಕ್ ಆ ದುಡಿತದಲ್ಲೇ ಪೂರ್ತಿ ಹೋಗಬಹುದು, ಆದ್ದರಿಂದ ಕಾಪಿ ಮುಗಿಯದೆ ಅದನ್ನು ಓಡಿಸಬೇಡಿ. ಸಾಮಾನ್ಯ ಕಾಪಿ ಮಧ್ಯದಲ್ಲೇ ನಿಲ್ಲುತ್ತಿದ್ದರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕೆಟ್ಟ ಡಿಸ್ಕ್‌ನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ (ddrescue) ಪ್ರೋಗ್ರಾಂ ಬಳಸಿ. ಅದು ಸುಲಭವಾಗಿ ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುತ್ತದೆ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಇದನ್ನೂ ಮಾಡದೆ ಪವರ್ ಆಫ್ ಮಾಡಿ. ಆ ಡೇಟಾ ಬೇಕೇಬೇಕು ಅಂದರೆ ಅದು ರಿಕವರಿ ಲ್ಯಾಬ್‌ನವರ ಕೆಲಸ.